ನಗೆನಾಟಕ ಬರೆದ ಇಬ್ಬರು

ನಾಟಕ ಕೇಳಿ ನಕ್ಕವರು ನಟನನ್ನು ನೆನೆಯುತ್ತಾರೆ. ಬರೆದವನ ಹೆಸರನ್ನು ನಿಲಯದವರು ಆರಂಭದಲ್ಲಿ ಒಮ್ಮೆ, ಕಡೆಯಲ್ಲಿ ಒಮ್ಮೆ ಹೇಳುತ್ತಾರೆ. ಆರಂಭದಲ್ಲಿ ಹೇಳುವಾಗ ನಾವು ಕುರ್ಚಿ ಎಳೆದುಕೊಳ್ಳುತ್ತಿರುತ್ತೇವೆ. ಕಡೆಯಲ್ಲಿ ಹೇಳುವಾಗ ಊಟಕ್ಕೆ ಎದ್ದಿರುತ್ತೇವೆ. ಓದುಗರೆ, ನೀವೇ ಯೋಚಿಸಿ ನೋಡಿ: ನಿಮ್ಮನ್ನು ಮನಸಾರೆ ನಗಿಸಿದ ಪ್ರಹಸನಗಳಲ್ಲಿ ಎಷ್ಟರ ಕರ್ತೃಗಳ ಹೆಸರು ನಿಮ್ಮ ನಾಲಗೆಯ ತುದಿಯಲ್ಲಿದೆ? ಈ ಮರೆವು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಆದರೆ ಇಂಗ್ಲೆಂಡಿನಲ್ಲಿ ಇಬ್ಬರು ಲೇಖಕರು ಇದನ್ನು ಸ್ವಲ್ಪಮಟ್ಟಿಗೆ ಗೆದ್ದರು. ಮೊದಲು ಬಾನುಲಿಗೆ, ಅನಂತರ ಟೆಲಿವಿಷನ್ನಿಗೆ ಹಾಸ್ಯ ಬರೆದು, ಬರೆಹವೇ ನಗೆಯ ಬೇರು ಎಂದು ತೋರಿಸಿಕೊಟ್ಟ ರೇ ಗಾಲ್ಟನ್ ಮತ್ತು ಆಲನ್ ಸಿಂಪ್ಸನ್ ಎಂಬವರ ಕಥೆಯನ್ನು ಈ ಪುಟಗಳಲ್ಲಿ ಹೇಳಬೇಕೆಂದಿದ್ದೇನೆ.

ಇಬ್ಬರೂ ಲಂಡನ್ನಿನವರು. ಸಿಂಪ್ಸನ್ ಹುಟ್ಟಿದ್ದು ೧೯೨೯ರಲ್ಲಿ, ಗಾಲ್ಟನ್ ೧೯೩೦ರಲ್ಲಿ. ದೊಡ್ಡ ಮನೆತನವಿಲ್ಲ, ವಿಶ್ವವಿದ್ಯಾನಿಲಯದ ವಿದ್ಯೆಯಿಲ್ಲ. ಒಬ್ಬ ಹಡಗಿನ ಸರಕಿನ ಕಚೇರಿಯಲ್ಲಿ ಗುಮಾಸ್ತ, ಇನ್ನೊಬ್ಬ ಸಾರಿಗೆ ಕಾರ್ಮಿಕರ ಸಂಘದಲ್ಲಿ ಕೆಲಸಕ್ಕಿದ್ದವ. ಇವರನ್ನು ಒಂದೆಡೆ ಸೇರಿಸಿದ್ದು ಕ್ಷಯರೋಗ. ೧೯೪೮ರಲ್ಲಿ ಸರ್ರೆ ಪ್ರಾಂತದ ಮಿಲ್‌ಫರ್ಡ್ ಎಂಬಲ್ಲಿಯ ಕ್ಷಯ ಆರೋಗ್ಯಧಾಮದಲ್ಲಿ, ಇಪ್ಪತ್ತು ತುಂಬುವುದಕ್ಕೆ ಮುನ್ನ, ಇಬ್ಬರೂ ಹಾಸಿಗೆ ಹಿಡಿದಿದ್ದರು.

ಆ ಕಾಲದ ಕ್ಷಯವೆಂದರೆ ಏನೆಂಬುದನ್ನು ಇಂದಿನ ತರುಣರಿಗೆ ಹೇಳಬೇಕಾಗುತ್ತದೆ. ನಮ್ಮಲ್ಲಿಯೂ ಮನೆಮನೆಗಳಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳದೆ ‘ಆ ಕಾಯಿಲೆ’ ಎನ್ನುತ್ತಿದ್ದ ಕಾಲ ಅದು. ಸ್ಟ್ರೆಪ್ಟೊಮೈಸಿನ್ ಔಷಧ ಬೆಳಕಿಗೆ ಬಂದು ನಾಲ್ಕೈದು ವರ್ಷವಷ್ಟೇ ಆಗಿತ್ತು. ಬ್ರಿಟನ್ನಿನಲ್ಲಿ ಅದು ಇನ್ನೂ ದುರ್ಲಭ. ಮಿಕ್ಕವರಿಗೆ ಚಿಕಿತ್ಸೆಯೆಂದರೆ ಅಲುಗಾಡದೆ ಮಲಗುವುದು, ಚಳಿಗಾಲದಲ್ಲಿಯೂ ಕಿಟಕಿ ತೆರೆದಿಟ್ಟು ಗಾಳಿ ಕುಡಿಯುವುದು, ಕಾಯುವುದು. ಪಕ್ಕದ ಹಾಸಿಗೆ ಒಂದು ಬೆಳಗ್ಗೆ ಖಾಲಿಯಾಗಿದ್ದರೆ ಯಾರೂ ಕಾರಣ ಕೇಳುವಂತಿರಲಿಲ್ಲ. ಹದಿನೆಂಟು ವರ್ಷದ ಹುಡುಗನಿಗೆ ಇದಕ್ಕಿಂತ ಕಠಿನವಾದ ಪಾಠಶಾಲೆ ಇದ್ದೀತೆ?

ಅಲ್ಲಿ ಅವರಿಗೆ ಒದಗಿದ ಸಂಗಾತಿ ರೇಡಿಯೋ. ಯೂರೋಪಿನಲ್ಲಿದ್ದ ಅಮೆರಿಕನ್ ಸೈನಿಕರಿಗಾಗಿ ನಡೆಯುತ್ತಿದ್ದ ಬಾನುಲಿಯನ್ನು ಅವರು ರಾತ್ರಿಯಲ್ಲಿ ಹುಡುಕಿ ಕೇಳುತ್ತಿದ್ದರು. ಅಮೆರಿಕದ ನಗೆಗಾರರು ಚುಟುಕು ಹಾಸ್ಯವನ್ನು ಸಾಲಾಗಿ ಪೋಣಿಸುವುದಕ್ಕಿಂತ ಒಬ್ಬ ಮನುಷ್ಯನ ಸ್ವಭಾವವನ್ನೇ ವಾರವಾರವೂ ಕೆದಕಿ ನಗಿಸುವುದನ್ನು ಅವರು ಗಮನಿಸಿದರು. ಆರೋಗ್ಯಧಾಮದೊಳಗೇ ರೋಗಿಗಳು ನಡೆಸುವ ಒಂದು ಪುಟ್ಟ ಬಾನುಲಿಯೂ ಇತ್ತು. ಹಾಸಿಗೆಯಲ್ಲಿದ್ದವರು ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದರು. ೧೯೪೯ರಲ್ಲಿ ಈ ಗೆಳೆಯರು ಅದಕ್ಕಾಗಿ ಒಂದು ಹಾಸ್ಯಮಾಲಿಕೆಯನ್ನು ಬರೆದರು. ವೈದ್ಯರು, ದಾದಿಯರು, ಹಾಸಿಗೆಗಳು, ಔಷಧಗಳು ಅದರ ವಸ್ತು. ಸಾವಿನ ಬಾಗಿಲಲ್ಲಿ ಕುಳಿತವರನ್ನು ಅವರದೇ ಸ್ಥಿತಿಯನ್ನು ಹೇಳಿ ನಗಿಸುವುದು ಅಪಾಯದ ಕೆಲಸ. ಎಲ್ಲಿ ಗಾಯವಿದೆ, ಎಲ್ಲಿಯವರೆಗೆ ಬೆರಳಿಡಬಹುದು ಎಂಬ ಎಚ್ಚರ ಅವರ ಬರೆಹಕ್ಕೆ ಅಲ್ಲಿಂದಲೇ ಬಂದಿತೆಂದು ನಾನು ನಂಬುತ್ತೇನೆ.

ಆ ಕಾಲದಲ್ಲಿ ಬಿ.ಬಿ.ಸಿ.ಯಲ್ಲಿ ಫ್ರಾಂಕ್ ಮ್ಯೂರ್, ಡೆನಿಸ್ ನಾರ್ಡನ್ ಎಂಬ ಜೋಡಿ ಲೇಖಕರು ಪ್ರಸಿದ್ಧರಾಗಿದ್ದರು. ಲೇಖಕರಾಗುವುದು ಹೇಗೆಂದು ಈ ಹುಡುಗರು ಅವರಿಗೊಂದು ಕಾಗದ ಬರೆದರು. ದೊಡ್ಡವರು ಉತ್ತರ ಕೊಟ್ಟರು: ಏನಾದರೂ ಬರೆದು ಬಿ.ಬಿ.ಸಿ.ಯ ಬರೆಹ ವಿಭಾಗದ ಗೇಲ್ ಪೆಡ್ರಿಕ್ಕರಿಗೆ ಕಳುಹಿಸಿ ಎಂದರು. ಕಾಗದಕ್ಕೆ ಉತ್ತರ ಬರೆಯುವ ಸಣ್ಣ ಸೌಜನ್ಯದಿಂದ ಎಂಥ ಫಲ ದೊರೆತೀತೆಂಬುದಕ್ಕೆ ಇದೊಂದು ನಿದರ್ಶನ. ಬಿಡುಗಡೆಯಾದ ಮೇಲೆ ಅವರು ಬರೆದು ಕಳುಹಿಸಿದರು, ಕರೆ ಬಂದಿತು. ಮೊದಲ ಸಂಪಾದನೆ ಡೆರೆಕ್ ರಾಯ್ ಎಂಬ ನಗೆಗಾರನಿಗೆ ಚುಟುಕು ಹಾಸ್ಯ ಒದಗಿಸಿದ್ದಕ್ಕೆ, ಒಂದಕ್ಕೆ ಐದು ಷಿಲಿಂಗಿನಂತೆ. ೧೯೫೧ರಲ್ಲಿ ಆತನ ಒಂದು ಮಾಲಿಕೆ ಕುಂಟತೊಡಗಿದಾಗ ಉಳಿದ ಕೆಲವು ಕಾರ್ಯಕ್ರಮಗಳನ್ನು ಇವರಿಗೇ ಒಪ್ಪಿಸಿದರು. ಅಲ್ಲಿ ಸಣ್ಣ ಪಾತ್ರ ವಹಿಸುತ್ತಿದ್ದ ಒಬ್ಬ ನಟ ಇವರ ಬರೆಹವನ್ನು ಗಮನಿಸಿ ಮೆಚ್ಚಿ ಮಾತನಾಡಿಸಿದ. ಅವನ ಹೆಸರು ಟೋನಿ ಹ್ಯಾನ್‌ಕಾಕ್.

ಸ್ವಲ್ಪ ಹಿನ್ನೆಲೆ ಹೇಳಬೇಕು. ಅಲ್ಲಿಯವರೆಗೆ ಬ್ರಿಟಿಷ್ ಬಾನುಲಿಯ ನಗೆ ಕಾರ್ಯಕ್ರಮವೆಂದರೆ ಚಿತ್ರಾನ್ನ: ಒಂದಿಷ್ಟು ಚುಟುಕು, ನಡುವೆ ಒಂದು ಹಾಡು, ಮತ್ತೆ ಒಂದು ತುಂಡು ಪ್ರಹಸನ, ವಾರವಾರವೂ ಅದದೇ ಪಲ್ಲವಿಯ ಮಾತು, ವಿಚಿತ್ರ ಧ್ವನಿಗಳು. ಗಾಲ್ಟನ್ ಸಿಂಪ್ಸನ್ನರು ಕೇಳಿದ್ದು ಬೇರೆ. ಅರ್ಧ ಗಂಟೆಗೆ ಒಂದೇ ಕಥೆ, ನಡುವೆ ಹಾಡಿಲ್ಲ, ನಗೆ ಹುಟ್ಟಬೇಕಾದದ್ದು ಪಾತ್ರದಿಂದ. ೧೯೫೪ರ ನವೆಂಬರ್ ೨ರಂದು ಡೆನಿಸ್ ಮೇನ್ ವಿಲ್ಸನ್ನರ ನಿರ್ಮಾಣದಲ್ಲಿ ‘ಹ್ಯಾನ್‌ಕಾಕನ ಅರ್ಧ ಗಂಟೆ’ ಪ್ರಾರಂಭವಾಯಿತು. ೧೯೫೯ರ ಡಿಸೆಂಬರ್‌ವರೆಗೆ ನೂರಕ್ಕೂ ಹೆಚ್ಚು ಕಂತುಗಳು ಪ್ರಸಾರವಾದವು. ಸಿಡ್ ಜೇಮ್ಸ್, ಬಿಲ್ ಕೆರ್, ಹ್ಯಾಟಿ ಜೇಕ್ಸ್, ಕೆನೆತ್ ವಿಲಿಯಮ್ಸ್ ಮೊದಲಾದವರು ಜೊತೆಗಾರರು.

ನಾಟಕದೊಳಗಿನ ಹ್ಯಾನ್‌ಕಾಕ್ ಎಂಥವನು? ಈಸ್ಟ್ ಚೀಮ್ ಎಂಬ ಕಲ್ಪಿತ ಬಡಾವಣೆಯಲ್ಲಿ, ರೈಲ್ವೆ ಕಟಿಂಗ್ಸ್ ಎಂಬ ಬೀದಿಯ ೨೩ನೆಯ ನಂಬರಿನ ಮುರುಕು ಮನೆಯಲ್ಲಿ ವಾಸ. ತಾನು ಮಹಾ ಬುದ್ಧಿವಂತ, ಸಂಸ್ಕೃತಿವಂತ, ಕಾಲದೋಷದಿಂದ ಯಾರೂ ತನ್ನನ್ನು ಗುರುತಿಸುತ್ತಿಲ್ಲ ಎಂಬ ಭಾವನೆ. ಅರ್ಧ ಓದಿದ ಪುಸ್ತಕಗಳ ಪಾಂಡಿತ್ಯ. ಇಂಥವರು ನಮ್ಮ ಬೀದಿಯಲ್ಲಿಯೂ ಇದ್ದಾರೆ. ಉಪಾಧ್ಯಾಯರ ಕೊಠಡಿಯಲ್ಲಿಯೂ ಇಲ್ಲದಿಲ್ಲ. ಕೇಳುಗ ಮೊದಲು ಅವನನ್ನು ನೋಡಿ ನಗುತ್ತಾನೆ, ಆಮೇಲೆ ಎಲ್ಲೋ ತನ್ನದೇ ಧ್ವನಿ ಕೇಳಿಸಿದಂತಾಗಿ ತುಸು ಹುಬ್ಬು ಗಂಟಿಕ್ಕುತ್ತಾನೆ.

೧೯೫೮ರ ಏಪ್ರಿಲಿನಲ್ಲಿ ಪ್ರಸಾರವಾದ ಒಂದು ಕಂತನ್ನು ಇಲ್ಲಿ ಬಣ್ಣಿಸದೆ ಮುಂದೆ ಹೋಗಲಾರೆ. ಅದರ ವಸ್ತು, ಭಾನುವಾರದ ಮಧ್ಯಾಹ್ನ. ಆಗಿನ ಇಂಗ್ಲೆಂಡಿನಲ್ಲಿ ಭಾನುವಾರ ಅಂಗಡಿಗಳಿಲ್ಲ, ನಾಟಕವಿಲ್ಲ; ಹೊರಗೆ ಮಳೆ. ಮನೆಯೊಳಗೆ ನಾಲ್ವರು ಕುಳಿತಿದ್ದಾರೆ. ಒಬ್ಬ ಆಕಳಿಸುತ್ತಾನೆ. ಒಬ್ಬ ಗಂಟೆ ಕೇಳುತ್ತಾನೆ. ಮೌನ. ಗೋಡೆಗೆ ಅಂಟಿಸಿದ ಕಾಗದದ ಚಿತ್ತಾರದಲ್ಲಿ ಹ್ಯಾನ್‌ಕಾಕನಿಗೆ ಮನುಷ್ಯರ ಮುಖಗಳು ಕಾಣಿಸತೊಡಗುತ್ತವೆ. ಮತ್ತೆ ಮೌನ. ಅರ್ಧ ಗಂಟೆ ಏನೂ ನಡೆಯುವುದಿಲ್ಲ! ಓದುಗರೆ, ಬಾನುಲಿಯಲ್ಲಿ ಮೌನವೆಂಬುದು ಎಷ್ಟು ಧೈರ್ಯದ ಕೆಲಸವೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ರೇಡಿಯೋ ಐದು ಸೆಕೆಂಡು ಸುಮ್ಮನಾದರೆ ಸಾಕು, ಕೆಟ್ಟುಹೋಯಿತೆಂದು ನಾವು ಎದ್ದು ಗುಂಡಿ ತಿರುಗಿಸುತ್ತೇವೆ. ಆ ಮೌನವನ್ನು ಕಾಗದದ ಮೇಲೆ ಅಳೆದು ಬರೆದು, ಅದರಿಂದಲೇ ನಗಿಸಿದರು. ಕ್ಷಯಧಾಮದ ಹಾಸಿಗೆಯಲ್ಲಿ ಕಳೆದ ಅನಂತ ಮಧ್ಯಾಹ್ನಗಳ ಅನುಭವವಿಲ್ಲದವನು ಇದನ್ನು ಬರೆಯಬಲ್ಲನೆಂದು ನನಗೆ ತೋರುವುದಿಲ್ಲ.

ಇವರು ಬರೆಯುತ್ತಿದ್ದ ರೀತಿಯೂ ವಿಚಿತ್ರ. ಬೆರಳಚ್ಚು ಯಂತ್ರದ ಮುಂದೆ ಸಿಂಪ್ಸನ್. ಗಾಲ್ಟನ್ ಅತ್ತಿತ್ತ ನಡೆದಾಡುವುದು, ಇಲ್ಲವೆ ನೆಲದ ಮೇಲೆ ಮಲಗುವುದು. ಒಂದು ಮಾತನ್ನು ಇಬ್ಬರೂ ಒಪ್ಪಿದ ಮೇಲೆಯೇ ಅದು ಕಾಗದಕ್ಕೆ ಇಳಿಯಬೇಕು. ಮಾತು ಸಿಗದಿದ್ದರೆ ಗಂಟೆಗಟ್ಟಲೆ ಸುಮ್ಮನಿರುವುದು. ಹೀಗಾಗಿ ಯಾವ ಸಾಲು ಯಾರದೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಸ್ಪೈಕ್ ಮಿಲ್ಲಿಗನ್, ಎರಿಕ್ ಸೈಕ್ಸ್ ಎಂಬ ಹಾಸ್ಯ ಲೇಖಕರೊಡನೆ ಕೂಡಿ ಇವರೊಂದು ಲೇಖಕರ ಸಂಸ್ಥೆ ಕಟ್ಟಿದರು. ಷೆಫರ್ಡ್ಸ್ ಬುಷ್‌ನಲ್ಲಿ ಒಂದು ತರಕಾರಿ ಅಂಗಡಿಯ ಮಹಡಿ ಮೇಲೆ ಅದರ ಕಚೇರಿ. ಸಿಂಪ್ಸನ್ನನ ಶಾಲೆಯ ಗೆಳತಿ ಬೆರಿಲ್ ವರ್ಟ್ಯೂ ಎಂಬಾಕೆ ಅಲ್ಲಿ ಬೆರಳಚ್ಚಿನ ಕೆಲಸಕ್ಕೆ ಬಂದವರು, ಕ್ರಮೇಣ ಲೇಖಕರ ಪರವಾಗಿ ಹಣದ ಮಾತನಾಡುವವರಾದರು. ಬರೆದವನಿಗೆ ತಕ್ಕ ಸಂಭಾವನೆ ಸಲ್ಲಬೇಕು, ಬರೆಹದ ಹಕ್ಕು ಅವನಲ್ಲಿ ಉಳಿಯಬೇಕು ಎಂಬ ಹಟ ಆ ತರಕಾರಿ ಅಂಗಡಿಯ ಮಹಡಿಯಲ್ಲಿ ಬೆಳೆಯಿತು.

೧೯೫೬ರ ಜುಲೈಯಲ್ಲಿ ಹ್ಯಾನ್‌ಕಾಕ್ ಟೆಲಿವಿಷನ್ನಿಗೂ ಬಂದ. ಬಾನುಲಿಯ ಲೇಖಕ ಕಿವಿಗೆ ಬರೆಯುತ್ತಾನೆ. ಬಾಗಿಲು ತೆರೆಯಿತೆಂಬುದನ್ನೂ ಮಾತಿನಲ್ಲಿಯೋ ಸದ್ದಿನಲ್ಲಿಯೋ ತಿಳಿಸಬೇಕು. ಟೆಲಿವಿಷನ್ನಿನಲ್ಲಿ ಅವನು ತನ್ನ ಮಾತನ್ನು ಹೊಡೆದುಹಾಕುವುದನ್ನು ಕಲಿಯಬೇಕಾಗುತ್ತದೆ. ಹ್ಯಾನ್‌ಕಾಕನ ಮುಖ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಮೂರು ಸಾಲಿನ ಕೆಲಸವನ್ನು ಅವನ ಕಣ್ಣೊಂದು ಮಾಡುತ್ತಿತ್ತು. ಮೊದಲ ವರ್ಷಗಳಲ್ಲಿ ಎಲ್ಲವೂ ನೇರ ಪ್ರಸಾರ. ೧೯೫೯ರಿಂದ ನಿರ್ಮಾಪಕ ಡಂಕನ್ ವುಡ್ ಧ್ವನಿಚಿತ್ರಗಳನ್ನು ತುಣುಕು ತುಣುಕಾಗಿ ಮುದ್ರಿಸುವ ಕ್ರಮ ತಂದಮೇಲೆ ಲೇಖಕರಿಗೆ ದೃಶ್ಯ ಬದಲಿಸುವ ಸ್ವಾತಂತ್ರ್ಯ ಹೆಚ್ಚಿತು.

೧೯೬೧ರ ಕಡೆಯ ಸರಣಿಯ ಹೊತ್ತಿಗೆ ಹ್ಯಾನ್‌ಕಾಕ್ ಸಿಡ್ ಜೇಮ್ಸನನ್ನು ಬಿಟ್ಟಿದ್ದ. ಈಸ್ಟ್ ಚೀಮ್ ಮನೆಯನ್ನೂ ಬಿಟ್ಟಿದ್ದ. ಅದರ ಮೊದಲ ಕಂತಿನಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಅವನೊಬ್ಬನೇ ಆದಿಯಿಂದ ಅಂತ್ಯದವರೆಗೆ. ಇನ್ನೊಬ್ಬ ನಟನೇ ಇಲ್ಲ. ರಕ್ತದಾನದ ಕಂತಂತೂ ಬ್ರಿಟಿಷರ ಮನೆಮಾತಾಯಿತು. ದೇಶಕ್ಕೆ ಏನಾದರೂ ಕೊಡಬೇಕೆಂದು ಬೀಗುತ್ತ ಹೋದವನು, ಬೆರಳು ಚುಚ್ಚಿ ತೆಗೆದ ಹನಿಯೇ ತನ್ನ ದಾನವೆಂದು ತಿಳಿದು ಹೊರಡುತ್ತಾನೆ. ಪೂರ್ತಿ ಒಂದು ಪೈಂಟು ಎಂದು ವೈದ್ಯರು ಹೇಳಿದಾಗ ಹೌಹಾರುತ್ತಾನೆ. ಆ ಮುದ್ರಣಕ್ಕೆ ಕೆಲವು ದಿನ ಮುಂಚೆ ಹ್ಯಾನ್‌ಕಾಕನಿಗೆ ಕಾರು ಅಪಘಾತವಾಗಿತ್ತು. ಮಾತು ಬಾಯಿಪಾಠವಾಗಲಿಲ್ಲ, ಕ್ಯಾಮೆರದ ಬಳಿ ದೊಡ್ಡಕ್ಷರದಲ್ಲಿ ಬರೆದಿಟ್ಟದ್ದನ್ನು ಓದಿ ಅಭಿನಯಿಸಿದ. ಈಗಲೂ ನೋಡಿದರೆ ಅವನ ಕಣ್ಣು ಎದುರಿನ ಪಾತ್ರವನ್ನು ದಾಟಿ ಎಲ್ಲೋ ನೋಡುತ್ತಿರುವುದು ಕಾಣುತ್ತದೆ. ಅಂದಿನಿಂದ ಬಾಯಿಪಾಠ ಮಾಡುವ ಅಭ್ಯಾಸವೇ ಅವನಿಗೆ ತಪ್ಪಿತು.

ಅದೇ ವರ್ಷ ಅವನು ತನ್ನ ಲೇಖಕರನ್ನೂ ಬಿಟ್ಟ. ಮುಂದಿನ ಚಲಚ್ಚಿತ್ರಕ್ಕಾಗಿ ಅವರು ತಿಂಗಳುಗಟ್ಟಲೆ ದುಡಿದು ಬರೆದದ್ದನ್ನು ಒಪ್ಪಲಿಲ್ಲ. ಇಂಗ್ಲೆಂಡಿಗಷ್ಟೇ ಒಗ್ಗುವ ಈ ಪಾತ್ರವನ್ನು ಕಳಚಿ ಜಗತ್ತಿನ ನಟನಾಗಬೇಕೆಂಬುದು ಅವನ ಹಂಬಲ. ಹಂಬಲ ತಪ್ಪಲ್ಲ. ಆದರೆ ಬೇರೆಯವರು ಬರೆದ ಮಾತಿನಲ್ಲಿ ಹಳೆಯ ನಗೆ ಬರಲಿಲ್ಲ, ಕುಡಿತ ಹೆಚ್ಚಿತು. ೧೯೬೮ರ ಜೂನಿನಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಸಿಡ್ನಿಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಲೇಖಕರನ್ನು ಬಿಟ್ಟದ್ದರಿಂದ ಹೀಗಾಯಿತೆಂದು ಹೇಳುವವರಿದ್ದಾರೆ. ಒಬ್ಬ ಮನುಷ್ಯನ ಅಂತರಂಗದ ಕತ್ತಲೆಗೆ ಇಷ್ಟು ಸುಲಭದ ಲೆಕ್ಕ ಬರೆಯುವುದು ನನಗೆ ಸರಿತೋರದು.

ಇತ್ತ ಲೇಖಕರ ಗತಿ? ಬಿ.ಬಿ.ಸಿ.ಯ ಮನೋರಂಜನ ವಿಭಾಗದ ಮುಖ್ಯಸ್ಥ ಟಾಮ್ ಸ್ಲೋನ್ ಅವರನ್ನು ಕರೆದು, ಯಾರನ್ನು ಬೇಕಾದರೂ ಹಾಕಿಕೊಂಡು, ಏನನ್ನು ಬೇಕಾದರೂ ಬರೆಯಿರಿ, ವಾರಕ್ಕೊಂದು ಬೇರೆ ನಾಟಕ ಎಂದ. ಲೇಖಕರ ಹೆಸರಿನ ಮೇಲೆಯೇ ನಿಂತ ನಗೆಮಾಲಿಕೆ! ಅದರ ನಾಲ್ಕನೆಯ ನಾಟಕ ೧೯೬೨ರ ಜನವರಿ ೫ರಂದು ಪ್ರಸಾರವಾಯಿತು. ನಮ್ಮ ಬೀದಿಗಳಲ್ಲಿ ಹಳೆ ಕಬ್ಬಿಣ, ಹಳೆ ಪೇಪರು ಎಂದು ಕೂಗಿಕೊಂಡು ಬರುವ ಗುಜರಿಯವರಿದ್ದಾರಲ್ಲ, ಲಂಡನ್ನಿನಲ್ಲಿಯೂ ಕುದುರೆಗಾಡಿಯ ಮೇಲೆ ಅಂಥವರು ಬರುತ್ತಿದ್ದರು. ಅಂಥ ಇಬ್ಬರ ಸಂಭಾಷಣೆಯನ್ನು ಸುಮ್ಮನೆ ಬರೆಯುತ್ತ ಹೋದ ಲೇಖಕರಿಗೆ, ಪುಟಗಳು ತುಂಬಿದ ಮೇಲೆ ಇವರು ತಂದೆ ಮಗ ಎಂಬುದು ಹೊಳೆಯಿತು. ತಂದೆ ಆಲ್ಬರ್ಟ್ ಸ್ಟೆಪ್ಟೋ ಕೊಳಕ, ಕುತಂತ್ರಿ, ಮಗನಿಲ್ಲದೆ ಬದುಕಲಾರದವನು. ಮಗ ಹೆರಾಲ್ಡನಿಗೆ ವಯಸ್ಸು ನಲವತ್ತರ ಹತ್ತಿರ. ಒಳ್ಳೆಯ ಸಂಗೀತ, ಪುಸ್ತಕ, ನಾಲ್ಕು ಜನ ಮೆಚ್ಚುವ ಬದುಕು ಬೇಕು. ‘ಒಳ್ಳೆಯ ಅವಕಾಶ ಬಂದಿದೆ, ಹೋಗುತ್ತೇನೆ’ ಎಂದು ಅವನು ತನ್ನ ಸಾಮಾನನ್ನೆಲ್ಲ ಗಾಡಿಗೆ ಹೇರುತ್ತಾನೆ. ಕುದುರೆಯನ್ನು ತಂದೆ ಕೊಡುವುದಿಲ್ಲ. ಮಗ ತಾನೇ ಮೂಕಿ ಹಿಡಿದು ಎಳೆಯುತ್ತಾನೆ. ಗಾಡಿ ಕದಲುವುದಿಲ್ಲ. ಎಳೆಯುತ್ತಾನೆ, ಎಳೆಯುತ್ತಾನೆ, ಅತ್ತುಬಿಡುತ್ತಾನೆ. ತಂದೆ ಅವನನ್ನು ಮೆಲ್ಲನೆ ಒಳಗೆ ಕರೆದುಕೊಂಡು ಹೋಗುತ್ತಾನೆ.

ಪಾತ್ರಧಾರಿಗಳು ನಗೆಗಾರರಲ್ಲ, ನಾಟಕದ ನಟರು: ತಂದೆಯಾಗಿ ವಿಲ್‌ಫ್ರಿಡ್ ಬ್ರಾಂಬೆಲ್, ಮಗನಾಗಿ ಹ್ಯಾರಿ ಎಚ್. ಕಾರ್ಬೆಟ್. (ಕಾರ್ಬೆಟ್ ಹುಟ್ಟಿದ್ದು ನಮ್ಮ ನೆರೆಯ ಬರ್ಮಾದ ರಂಗೂನಿನಲ್ಲಿ. ತಂದೆ ಮಗನ ಪಾತ್ರ ವಹಿಸಿದ ಇವರ ನಡುವಿನ ಅಂತರ ಕೇವಲ ಹದಿಮೂರು ವರ್ಷ!) ಅಭ್ಯಾಸದ ವೇಳೆ ಆ ಗಾಡಿಯ ದೃಶ್ಯದಲ್ಲಿ ಕಾರ್ಬೆಟ್ಟನ ಕಣ್ಣಿನಿಂದ ನಿಜವಾದ ನೀರು ಹರಿದಾಗ ಲೇಖಕರು ಬೆರಗಾದರು. ನಗೆಗಾರನಾಗಿದ್ದರೆ ಮುಖ ಮುಚ್ಚಿಕೊಂಡು ಭುಜ ಕುಣಿಸಿ ಅಳುವಿನ ಅಣಕ ಮಾಡುತ್ತಿದ್ದ. ನಗಿಸುವ ಸಾಲು ಯಾರ ಪಾಲಿಗೆ ಎಷ್ಟು ಎಂಬ ಜಗಳವೂ ಈ ನಟರಲ್ಲಿರಲಿಲ್ಲ.

ಆಲಂಕಾರಿಕರು ಹಾಸ್ಯಕ್ಕೂ ಕರುಣಕ್ಕೂ ವಿರೋಧವನ್ನು ಹೇಳಿದ್ದಾರೆ. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಇದು ಸ್ಪಷ್ಟವಾಗಿದೆ. ತರಗತಿಯಲ್ಲಿ ರಸವಿರೋಧದ ಪಾಠ ಮಾಡುವಾಗ ನಾನೂ ಹಾಗೆಯೇ ಒಪ್ಪಿಸಿದ್ದೇನೆ. ಆದರೆ ಹೆರಾಲ್ಡ್ ಗಾಡಿ ಎಳೆಯುವ ದೃಶ್ಯದಲ್ಲಿ ನಗೆ ಎಲ್ಲಿ ನಿಂತಿತು, ಅಳು ಎಲ್ಲಿ ತೊಡಗಿತು ಎಂದು ಗೆರೆ ಎಳೆಯಲು ಯಾವ ಲಾಕ್ಷಣಿಕನಿಗೆ ಸಾಧ್ಯ? ವಿದ್ವಾಂಸರು ಇದಕ್ಕೆ ಸಮಾಧಾನ ಹುಡುಕಬಲ್ಲರು. ಅಂಗಾಂಗಿಭಾವದಿಂದ ವಿರೋಧ ಪರಿಹಾರವಾಗುತ್ತದೆ ಎನ್ನಬಹುದು. ಇರಲಿ.

ಸ್ಲೋನನಿಗೆ ಇದನ್ನೇ ಮಾಲಿಕೆ ಮಾಡಬೇಕೆಂಬ ಹಟ. ಹ್ಯಾನ್‌ಕಾಕನ ಬಂಧನದಿಂದ ಈಗತಾನೆ ಹೊರಬಂದ ಲೇಖಕರಿಗೆ ಬೇಡ. ಗಂಭೀರ ನಟರು ಒಪ್ಪಲಾರರೆಂಬ ಧೈರ್ಯದಿಂದ ಅವರನ್ನು ಕೇಳಿ ನೋಡಿ ಎಂದರು, ನಟರು ಒಪ್ಪಿಬಿಟ್ಟರು! ೧೯೬೨ರ ಜೂನಿನಲ್ಲಿ ‘ಸ್ಟೆಪ್ಟೋ ಮತ್ತು ಮಗ’ ಆರಂಭವಾಗಿ ೧೯೬೫ರವರೆಗೆ, ಮತ್ತೆ ೧೯೭೦ರಿಂದ ೧೯೭೪ರವರೆಗೆ ನಡೆಯಿತು. ಎರಡು ಕೋಟಿಗೂ ಮಿಕ್ಕಿ ಜನ ನೋಡಿದ ವಾರಗಳಿವೆ. ೧೯೬೪ರ ಅಕ್ಟೋಬರ್ ೧೫ರಂದು ಬ್ರಿಟನ್ನಿನಲ್ಲಿ ಮಹಾ ಚುನಾವಣೆ. ಆ ಸಂಜೆ ಸ್ಟೆಪ್ಟೋ ಇದೆಯೆಂದು ತಿಳಿದು ಲೇಬರ್ ಪಕ್ಷದ ಮುಖಂಡ ಹೆರಾಲ್ಡ್ ವಿಲ್ಸನ್ನರು ಗಾಬರಿಯಾದರು. ಕೆಲಸ ಮುಗಿಸಿ ಬಂದ ಕಾರ್ಮಿಕರು ಮತಗಟ್ಟೆಗೆ ಹೋಗದೆ ಟೆಲಿವಿಷನ್ ಮುಂದೆ ಕುಳಿತುಬಿಟ್ಟರೆ? ಅವರು ಬಿ.ಬಿ.ಸಿ.ಯ ಮಹಾನಿರ್ದೇಶಕ ಹ್ಯೂ ಗ್ರೀನರನ್ನು ಕಂಡು ಕೇಳಿಕೊಂಡರು. ಮತದಾನ ಮುಗಿಯುವ ರಾತ್ರಿ ಒಂಬತ್ತಕ್ಕೆ ಕಾರ್ಯಕ್ರಮವನ್ನು ಸರಿಸಲಾಯಿತು. ಲೇಬರ್ ಪಕ್ಷ ಗೆದ್ದಿತು; ಬಹುಮತ ನಾಲ್ಕೇ ಸ್ಥಾನ. ಗುಜರಿಯವನೊಬ್ಬನ ಕಥೆ ಬರೆದವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು?

ಮಾಲಿಕೆ ಹಾಲೆಂಡಿಗೆ ಹೋಯಿತು, ಸ್ವೀಡನ್ನಿಗೆ ಹೋಯಿತು. ಅಮೆರಿಕದಲ್ಲಿ ೧೯೭೨ರಲ್ಲಿ ‘ಸ್ಯಾನ್‌ಫರ್ಡ್ ಅಂಡ್ ಸನ್’ ಎಂಬ ಹೆಸರಿನಿಂದ, ಲಾಸ್ ಏಂಜಲೀಸಿನ ಕರಿಯ ಜನರ ಬಡಾವಣೆಯ ತಂದೆ ಮಕ್ಕಳ ಕಥೆಯಾಗಿ ರೂಪಾಂತರ ಪಡೆದು ೧೯೭೭ರವರೆಗೆ ನಡೆಯಿತು. ಮನೆ ಬಿಟ್ಟು ಹೋಗಲಾರದ ಮಗ ಎಲ್ಲ ದೇಶಗಳಲ್ಲಿಯೂ ಇದ್ದಾನೆಂದಾಯಿತು. ೧೯೭೨ರದೇ ಇನ್ನೊಂದು ಕಂತಿನಲ್ಲಿ ಹೆರಾಲ್ಡ್ ಮನೆಯ ನಡುವೆ ಅಡ್ಡಗೋಡೆ ಹಾಕಿ ಪಾಲು ಮಾಡುತ್ತಾನೆ. ಟೆಲಿವಿಷನ್ ಪೆಟ್ಟಿಗೆಯೂ ಅರ್ಧ ಅತ್ತ, ಅರ್ಧ ಇತ್ತ. ಹಿಸ್ಸೆಯಾದ ಮನೆಗಳನ್ನು ಕಂಡ ನಮಗೆ ಇದನ್ನು ಯಾರೂ ವ್ಯಾಖ್ಯಾನಿಸಬೇಕಾಗಿಲ್ಲ.

೧೯೭೮ರಲ್ಲಿ ಸಿಂಪ್ಸನ್ ಬರೆಹದಿಂದ ನಿವೃತ್ತರಾದರು. ಜಗಳವಿಲ್ಲ, ಮನಸ್ತಾಪವಿಲ್ಲ, ಸಾಕೆನಿಸಿತು, ನಿಲ್ಲಿಸಿದರು. ಗೆಳೆತನ ಹಾಗೆಯೇ ಉಳಿಯಿತು. ಗಾಲ್ಟನ್ ಬೇರೆಯವರೊಡನೆ ಸೇರಿ ಕೆಲವು ಕಾಲ ಬರೆದರು. ೨೦೦೦ದಲ್ಲಿ ಇಬ್ಬರಿಗೂ ರಾಣಿಯ ಬಿರುದು, ೨೦೧೬ರಲ್ಲಿ ಬ್ರಿಟಿಷ್ ಚಲಚ್ಚಿತ್ರ ಮತ್ತು ಟೆಲಿವಿಷನ್ ಅಕಾಡೆಮಿಯ ಅತ್ಯುನ್ನತ ಗೌರವ ಸಂದವು. ಸಿಂಪ್ಸನ್ ೨೦೧೭ರ ಫೆಬ್ರವರಿಯಲ್ಲಿ, ಗಾಲ್ಟನ್ ೨೦೧೮ರ ಅಕ್ಟೋಬರಿನಲ್ಲಿ ತೀರಿಕೊಂಡರು. ಹದಿಹರೆಯದಲ್ಲೇ ಕ್ಷಯದ ಹಾಸಿಗೆ ಹಿಡಿದ ಆ ಹುಡುಗರಿಬ್ಬರೂ ಎಂಬತ್ತೇಳನ್ನು ದಾಟಿ ಬಾಳಿದರು.

ಒಂದು ಸಂಗತಿ ಉಳಿಯಿತು. ಆ ದಿನಗಳಲ್ಲಿ ಮುದ್ರಿಕೆಗಳನ್ನು ಕಾಪಾಡುವ ಪದ್ಧತಿ ಗಟ್ಟಿಯಾಗಿರಲಿಲ್ಲ. ಟೇಪಿಗೆ ಬೆಲೆ ಹೆಚ್ಚು, ಒಂದನ್ನು ಅಳಿಸಿ ಇನ್ನೊಂದನ್ನು ಮುದ್ರಿಸುತ್ತಿದ್ದರು. ಹ್ಯಾನ್‌ಕಾಕನ ಬಾನುಲಿ ಕಂತುಗಳಲ್ಲಿ ಹಲವು, ಟೆಲಿವಿಷನ್ ಕಂತುಗಳಲ್ಲಿ ಇನ್ನೂ ಹಲವು ಹೀಗೆ ನಾಶವಾದವು. ನಟನ ಧ್ವನಿ ಹೋಯಿತು, ಸಭೆಯ ನಗೆ ಹೋಯಿತು. ಸಿಂಪ್ಸನ್ ಬೆರಳಚ್ಚಿಸಿದ ಕಾಗದಗಳು ಮಾತ್ರ ಉಳಿದಿದ್ದವು. ಮೊದಲ ಪ್ರಸಾರಕ್ಕೆ ಅರವತ್ತು ವರ್ಷ ತುಂಬಿದ ೨೦೧೪ರಲ್ಲಿ ಬಿ.ಬಿ.ಸಿ. ಆ ಕಾಗದಗಳನ್ನು ತೆಗೆಸಿ, ಕೆವಿನ್ ಮ್ಯಾಕ್‌ನಲಿ ಎಂಬ ನಟನಿಂದ ಹ್ಯಾನ್‌ಕಾಕನ ಪಾತ್ರ ಮಾಡಿಸಿ, ಕಳೆದುಹೋದ ಕಂತುಗಳನ್ನು ಹೊಸದಾಗಿ ಸಭೆಯ ಮುಂದೆ ಮುದ್ರಿಸಿ ಪ್ರಸಾರ ಮಾಡಿತು. ಹ್ಯಾನ್‌ಕಾಕನ ಕಾಲದಲ್ಲಿ ಇನ್ನೂ ಹುಟ್ಟದಿದ್ದವರು ಕೂಡ ಕೇಳಿದರು. ಆಗ ಲೇಖಕರಿಬ್ಬರೂ ಬದುಕಿದ್ದರು.